ಎದುರಿನ ಮೇಳ ಇಲ್ಲದ ಊರು

ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಕೆಂಪು ಬಸ್ಸು ನಿಲ್ಲುವ, ಪುರಸಭೆ ಇರುವ ಒಂದು ಸಣ್ಣ ಪಟ್ಟಣ ಎಂದು ತಿಳಿದುಕೊಂಡರೆ ಸಾಕು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೊದಲ ಶನಿವಾರ, ಆ ಪಟ್ಟಣದ ಮೇಲಿನ ಓಣಿಯ ಸಮುದಾಯ ಭವನಕ್ಕೆ ಬೀಗ ಬಿದ್ದಿತ್ತು.

ಮಕ್ಕಳು ಊಟ ಮುಗಿಸಿ ಎಂದಿನಂತೆ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬ ಬೀಗ ಎಳೆದು ನೋಡಿದ. ಇನ್ನೊಬ್ಬಳು ಕಿಟಕಿಯಲ್ಲಿ ಇಣುಕಿದಳು. ಒಳಗೆ ಡೊಳ್ಳುಗಳನ್ನು ಮೂಲೆಗೆ ಒತ್ತರಿಸಿ, ಇದ್ದ ಜಾಗದಲ್ಲೆಲ್ಲ ನಳದ ಪೈಪು, ಬೀದಿ ದೀಪದ ಸಾಮಾನು ಒಟ್ಟಿದ್ದರು.

ಆಗ ಮೈಲಾರಲಿಂಗಪ್ಪ ಬಂದ. ವಾರವೆಲ್ಲ ಅವನು ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲ, ಶನಿವಾರ ಮಧ್ಯಾಹ್ನ ಮಾತ್ರ ಮಾಸ್ತರ. ಮಕ್ಕಳಿಗೆ ಊರಿನ ಕಲೆ ಕಲಿಸಲೆಂದು ಪುರಸಭೆ ತೆಗೆದಿಟ್ಟ ಹಣದಲ್ಲಿ ಅವನು ಡೊಳ್ಳಿನ ಪದ ಹೇಳಿಕೊಡುತ್ತಿದ್ದ. ಬೀಗ ನೋಡಿ ನೆಟ್ಟಗೆ ಪುರಸಭೆಗೆ ಹೋದ. ತಿರುಗಿ ಬರುವಾಗ ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿತ್ತು.

"ಮನಿಗೆ ಹೋಗ್ರಿ," ಎಂದ. "ಈ ವರ್ಷ ಕ್ಲಾಸ್ ಇಲ್ಲಂತ. ಬಜೆಟ್‌ನ್ಯಾಗ ತಗದಾರಂತ."

ಮಕ್ಕಳು ಎದ್ದು ಹೋದರು. ಅವನ ಮಗಳು ಮಂಜುಳಾ ಒಬ್ಬಳು ಮಾತ್ರ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು. ಹಾಡು ಬಿಟ್ಟರೆ ಆ ಹುಡುಗಿಗೆ ಬೇರೆ ಹುಚ್ಚೇ ಇರಲಿಲ್ಲ. ಏನು ಹೇಳಿ ಕರೆದುಕೊಂಡು ಹೋಗಬೇಕೋ ಅಪ್ಪನಿಗೆ ತಿಳಿಯಲಿಲ್ಲ.

ಪಾಪ ಎನ್ನುತ್ತೀರಿ. ಸ್ವಲ್ಪ ತಡೆಯಿರಿ. ಆ ಬೀಗ ಹಾಕುವುದರಲ್ಲಿ ಮೈಲಾರಲಿಂಗಪ್ಪನ ಕೈಯೂ ಇತ್ತು. ಅದು ಹೇಗೆಂದು ತಿಳಿಯಬೇಕಾದರೆ ಎರಡು ಚಳಿಗಾಲ ಹಿಂದಕ್ಕೆ ಹೋಗಬೇಕು.

ಡೊಳ್ಳಿನ ಪದ ಒಂದೇ ಮೇಳ ಹಾಡಿ ಮುಗಿಸುವಂಥದ್ದಲ್ಲ. ಎರಡು ಮೇಳ ಎದುರುಬದುರು ಕೂಡಬೇಕು. ಒಂದು ಹರದೇಶಿ, ಅವರು ಗಂಡು ಹೆಚ್ಚು ಎಂದು ವಾದಿಸುವವರು. ಇನ್ನೊಂದು ನಾಗೇಶಿ, ಅವರು ಹೆಣ್ಣು ಹೆಚ್ಚು ಎನ್ನುವವರು. ಇವರು ಪದದಲ್ಲಿ ಸವಾಲು ಹಾಕಿದರೆ ಅವರು ಪದದಲ್ಲೇ ಜವಾಬು ಕೊಡಬೇಕು. ತಡವರಿಸಿದರೆ ಕೂತ ಮಂದಿ ಹೋ ಎಂದು ಕೂಗಿ ಮಾನ ಕಳೆಯುತ್ತಾರೆ. ಮೇಲಿನ ಓಣಿಯ ಮೈಲಾರಲಿಂಗಪ್ಪ ಹರದೇಶಿ. ಕೆಳಗಿನ ಓಣಿಯ ಮಾಳವ್ವ ನಾಗೇಶಿ. ಹರೆಯದ ದಿನಗಳಿಂದ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಬಂದವರು. ಬೈಗುಳವೆಲ್ಲ ಪ್ರಾಸದಲ್ಲಿ, ಅಷ್ಟೇ.

ಪುರಸಭೆ ಇಬ್ಬರಿಗೂ ತಮ್ಮ ತಮ್ಮ ಓಣಿಯಲ್ಲಿ ಒಂದೊಂದು ಕ್ಲಾಸು ಕೊಟ್ಟಿತ್ತು. ವರ್ಷಕ್ಕೊಮ್ಮೆ ಎರಡೂ ಕ್ಲಾಸಿನ ಮಕ್ಕಳನ್ನು ಎದುರುಬದುರು ಕೂಡಿಸುತ್ತಿದ್ದರು. ಅವತ್ತು ಪೇಟೆಯ ಅಂಗಡಿಗಳು ಬೇಗ ಬಾಗಿಲು ಹಾಕುತ್ತಿದ್ದವು. ಗಂಡು ಹೆಚ್ಚು ಎಂದು ಎದೆ ಸೆಟೆಸಿ ಹಾಡಿದ ಹುಡುಗನಿಗೆ ಮಾಳವ್ವನ ಕಡೆಯ ಪುಟ್ಟ ಹುಡುಗಿಯೊಬ್ಬಳು, ನಿನ್ನ ಮೀಸೆ ಮನೆಯಲ್ಲಿ ಮರೆತು ಬಂದೆಯಾ ಎಂದು ಪದ ಕಟ್ಟಿ ಕೇಳಿದ್ದನ್ನು ಊರು ತಿಂಗಳುಗಟ್ಟಲೆ ಹೇಳಿ ನಕ್ಕಿತ್ತು.

ಹೀಗಿರುವಾಗ ಒಂದು ಚಳಿಗಾಲದ ಸಂಜೆ ಪಕ್ಕದ ಮನೆಯ ಅಮೀರಾ ಬಂದಳು. ಅವಳು ಹೊಲಿಗೆ ಮಾಡುತ್ತಾಳೆ, ಓಣಿಯ ಮಹಿಳಾ ಸಂಘ ನಡೆಸುತ್ತಾಳೆ. ಪುರಸಭೆಯಲ್ಲಿ ಯಾವ ಮಾತನ್ನು ಯಾರ ಮುಂದೆ ಹೇಳಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತು.

"ಕಾಕಾ, ಮಂಗಳವಾರ ಪುರಸಭ್ಯಾಗ ಮೀಟಿಂಗ್ ಐತ್ರಿ. ಬಜೆಟ್ ಮಾಡೋಕ್ಕಿಂತ ಮೊದಲ ಊರ ಮಂದಿನ್ನ ಕರದು ಕೇಳತಾರ, ಯಾವುದಕ್ಕ ರೊಕ್ಕ ಇಡೂಣು ಅಂತ. ನೀವು ಬರಬೇಕು."

"ನಾ ಯಾಕವಾ? ನನ್ನ ಕ್ಲಾಸ್ ಚಲೋ ನಡದೈತಲ್ಲ."

"ನಿಮ್ಮದು ನಡದೈತ್ರಿ. ಮಾಳವ್ವಾರ ಕ್ಲಾಸ್ ತಗೀಬೇಕು ಅನ್ನಾಕ ಹತ್ಯಾರಂತ. ಆ ಓಣ್ಯಾಗ ಹುಡುಗರು ಕಡಿಮಿ ಆಗ್ಯಾರಂತ. ನೀವು ಹೋಗಿ ಬೇಕು ಅಂತ ಒಂದ ಮಾತ ಅಂದ್ರ ಉಳೀತೈತಿ."

ಮೈಲಾರಲಿಂಗಪ್ಪ ಹೊಟ್ಟೆ ಹಿಡಿದು ನಕ್ಕ.

"ಅಮೀರಾ, ನಿನಗ ಮ್ಯಾಳದ ಪದ್ಧತಿ ಗೊತ್ತಿಲ್ಲವಾ. ಎದುರಿನವರ ಬಾಯಿ ಕಟ್ಟಿದಾಗ ನಾ ಹೋಗಿ ಅವರ ಬಾಯಾಗ ಜವಾಬ ಇಟ್ರ ನಮ್ಮ ಗುರುವಿಗೆ ದ್ರೋಹ ಮಾಡಿದಂಗ. ಜೀವ ಹೋದ್ರೂ ಆ ಕೆಲಸ ಮಾಡೂದಿಲ್ಲ ಅಂತ ಡೊಳ್ಳು ಮುಟ್ಟಿ ಆಣಿ ಮಾಡೀನಿ."

"ಇದು ಪದ ಅಲ್ರಿ ಕಾಕಾ. ಬಜೆಟ್."

"ಎರಡೂ ಒಂದ. ಮಾಳವ್ವ ಸೋತ್ಲು ಅಂತ ತಿಳಿ."

ಸಭೆಗೆ ಅವನು ಹೋಗಲಿಲ್ಲ. ತನ್ನ ಕ್ಲಾಸಿಗಾಗಿ ತಾನೇ ಹೋಗಿ ಬೇಡುತ್ತಾ ನಿಲ್ಲುವುದೆಂದರೆ ಮಾಳವ್ವನಿಗೆ ನಾಚಿಕೆ, ಅವಳೂ ಹೋಗಲಿಲ್ಲ. ಏಪ್ರಿಲ್ಲಿನಲ್ಲಿ ಹೊಸ ಬಜೆಟ್ಟು ಬಂತು, ಕೆಳಗಿನ ಓಣಿಯ ಕ್ಲಾಸು ನಿಂತಿತು. ಮೈಲಾರಲಿಂಗಪ್ಪ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ತನ್ನ ಮೇಳದವರಿಗೆಲ್ಲ ತಿನ್ನಿಸಿದ. ಸಾವಿರ ಸವಾಲಿಗೆ ಸೋಲದವಳು ಈಗ ಸೋತಳು ಎಂದು ಮೀಸೆಯ ಮೇಲೆ ಕೈಯಾಡಿಸಿದ. ಮಾಳವ್ವ ಸೋತಿರಲಿಲ್ಲ. ಅವಳಿಗೆ ಯಾರೂ ಸವಾಲೇ ಹಾಕಿರಲಿಲ್ಲ.

ಗೆದ್ದವನ ಕ್ಲಾಸು ಒಂದೆರಡು ತಿಂಗಳು ಜೋರಾಗಿ ನಡೆಯಿತು. ಆಮೇಲೆ ಒಂದು ಶನಿವಾರ ಮಂಜುಳಾ ಕೇಳಿದಳು.

"ಅಪ್ಪಾ, ಕುರಿ ಹುಟ್ಟೋಕ್ಕಿಂತ ಮೊದಲಿನ ಕಂಬಳಿ ಯಾವುದು, ಅದನ್ನ ಹೊದ್ದಾಂವ ಯಾರು ಅಂತ ನಾವು ಸವಾಲ ಹಾಕತೀವಲ್ಲ. ಎದುರಿನವರು ಅದಕ್ಕ ಏನಂತಾರ?"

"ಅದು ಅವರ ಪಾಡು."

"ಮಾಳವ್ವತ್ತಿ ಏನಂತಿದ್ಲು?"

ಈ ಸವಾಲನ್ನು ಅವನು ಮಾಳವ್ವನ ಮುಖಕ್ಕೆ ಎಷ್ಟು ಸಲ ಎಸೆದಿದ್ದನೋ ಲೆಕ್ಕವಿಲ್ಲ. ಅವಳು ಪ್ರತಿ ಸಲವೂ ಜವಾಬು ಕೊಟ್ಟಿದ್ದಳು. ಅವಳು ಹಾಡುವಾಗ ಇವನು ಮುಂದಿನ ಸವಾಲು ಕಟ್ಟುತ್ತಾ ಕೂತಿರುತ್ತಿದ್ದ. ಅವಳ ಪದವನ್ನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

"ನನಗ ನೆನಪಿಲ್ಲ," ಎಂದ. ನಾಚಿಕೆಯಿಂದ ಅವನ ಮುಖ ಸಣ್ಣದಾಯಿತು.

ಆ ವರ್ಷವೂ ಮಕ್ಕಳ ಪದದ ದಿನ ಬಂತು. ಎದುರಿಗೆ ಕೂಡಲು ಯಾರೂ ಇರಲಿಲ್ಲ. ಮೈಲಾರಲಿಂಗಪ್ಪ ತನ್ನ ಕ್ಲಾಸನ್ನೇ ಅರ್ಧ ಮಾಡಿ, ಅರ್ಧ ಮಕ್ಕಳನ್ನು ಆಚೆ ಕೂಡಿಸಿದ. ಆದರೆ ನಾಗೇಶಿ ಪದ ಹೇಳಿಕೊಡಲು ಅವನ ಆಣೆ ಬಿಡದು, ಬಿಟ್ಟರೂ ಅವನಿಗೆ ಆ ಪದ ಬರುತ್ತಿರಲಿಲ್ಲವಲ್ಲ! ಈಚೆಯವರು ಸವಾಲು ಹಾಕಿದರು. ಆಚೆಯವರು ಪಿಳಿಪಿಳಿ ಕಣ್ಣು ಬಿಟ್ಟು ಕೂತರು. ಈಚೆಯವರು ಮತ್ತೊಂದು ಸವಾಲು ಹಾಕಿದರು. ಜನರಿಗೆ ಬೇಕಾಗಿದ್ದದ್ದು ಜಗಳ. ಜಗಳವೇ ಇಲ್ಲವೆಂದ ಮೇಲೆ ಚಹಾ ಕುಡಿಯಲು ಎದ್ದವರು ತಿರುಗಿ ಬರಲಿಲ್ಲ. ಕೊನೆಗೆ ಉಳಿದವರು ಮಕ್ಕಳ ತಾಯಂದಿರು ಮಾತ್ರ. ಅವರೂ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಲು ಕಾಯುತ್ತಿದ್ದವರು.

ಪುರಸಭೆಯವರು ಇದನ್ನು ನೋಡಿದರು. ಈ ಕಾರ್ಯಕ್ರಮಕ್ಕೆ ಜನ ಸೇರುವುದಿಲ್ಲ ಎಂಬ ಮಾತು ಬಂತು. ಅದೇ ಹಣದಲ್ಲಿ ಒಂದು ಸಂಜೆ ಆರ್ಕೆಸ್ಟ್ರಾ ಮಾಡಿಸಿದರೆ ಬಯಲು ತುಂಬುತ್ತದೆ ಎಂದು ಯಾರೋ ಅಂದರು. ಆ ಚಳಿಗಾಲದಲ್ಲೂ ಅಮೀರಾ ಬಂದು ಸಭೆಗೆ ಕರೆದಿದ್ದಳು. ಇರುವುದು ಒಂದೇ ಕ್ಲಾಸು, ಅದನ್ನೂ ತೆಗೆಯುತ್ತಾರೆಯೇ ಎಂದು ಮೈಲಾರಲಿಂಗಪ್ಪ ಹೋಗಲಿಲ್ಲ. ತೆಗೆದರು. ನಾವು ಮೊದಲು ನೋಡಿದ ಬೀಗ ಹೀಗೆ ಬಿತ್ತು.

ಮಳೆಗಾಲವೆಲ್ಲ ಅವನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಚೀಲ ಹೊತ್ತ, ಮನೆಗೆ ಬಂದ, ಗೋಡೆಗೆ ಮುಖ ಮಾಡಿ ಮಲಗಿದ. ಮಂಜುಳಾ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳು, ಅದೂ ನಿಂತಿತು. ಕ್ಲಾಸಿನ ಮಕ್ಕಳು ದಾರಿಯಲ್ಲಿ ಸಿಕ್ಕರೆ ಮೊದಮೊದಲು ಯಾವಾಗ ಶುರುವಾಗುತ್ತದೆ ಎಂದು ಕೇಳುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕೇಳುವುದನ್ನೂ ಬಿಟ್ಟರು. ಅದು ಅವನ ಎದೆಗೆ ಹೆಚ್ಚು ನಾಟಿತು.

ಚಳಿ ಶುರುವಾದಾಗ ಅಮೀರಾ ಮೂರನೆಯ ಸಲ ಬಂದಳು. ಮೈಲಾರಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ಹುಚ್ಚವ್ವ ಜೋಳ ಹಸನು ಮಾಡುತ್ತಿದ್ದಳು.

"ಬುಧವಾರ ಮೀಟಿಂಗ್ ಐತ್ರಿ ಕಾಕಾ. ನೋಟಿಸ್ ಹಚ್ಯಾರ."

"ಹೋಗಿ ಏನ ಮಾಡೂದು? ಅನುದಾನ ಕೊಡ್ರಿ ಅಂತ ಕೈ ಒಡ್ಡೂದು. ದಾನ ಬೇಡೋ ಮಂದಿ ಏನು ನಾವು?"

"ಅನುದಾನ ಅಂದ್ರ ದಾನ ಅಲ್ರಿ. ನೀವು ಮನಿ ಪಟ್ಟಿ ಕಟ್ಟತೀರಿ, ನಳದ ಪಟ್ಟಿ ಕಟ್ಟತೀರಿ. ಸಂತ್ಯಾಗ ಕುಂತು ಕೊತ್ತಂಬ್ರಿ ಮಾರೋ ಮುದಕೀನೂ ಸಂತಿ ಕರ ಕೊಡತಾಳ. ಆ ರೊಕ್ಕೆಲ್ಲ ಬಜೆಟ್‌ನ್ಯಾಗ ಕೂಡತೈತಿ. ನಿಮ್ಮ ರೊಕ್ಕ ನಿಮ್ಮ ಹುಡುಗರಿಗೆ ಇಡ್ರಿ ಅಂತ ಕೇಳೂದು ಬೇಡೂದು ಹೆಂಗ ಆತು? ಹ್ವಾದ ವರ್ಷ ಗಟಾರ ಕಟ್ಟಿಸ್ರಿ ಅಂತ ನೀವ ಜಗಳಾ ಮಾಡಿ ಬಂದ್ರಿ. ಆವಾಗ ನಾಚಿಕಿ ಬರಲಿಲ್ಲ."

ಹುಚ್ಚವ್ವ ಮೊರದಿಂದ ತಲೆ ಎತ್ತದೆ ಹೇಳಿದಳು:

"ಗಟಾರ ತುಂಬಿದ್ರ ವಾಸನಿ ಬರತೈತಿ, ಮಂದಿಗೆ ತಿಳೀತೈತಿ. ಪದ ನಿಂತ್ರ ವಾಸನಿ ಬರೂದಿಲ್ಲ. ಯಾರಿಗೆ ತಿಳೀಬೇಕು?"

"ಪುರಸಭಿ ಮಂದಿಗೆ ತಿಳೀಬಾರದೇನು? ಊರ ಆಳೋರು ಅವರು," ಎಂದು ಮೈಲಾರಲಿಂಗಪ್ಪ ರೇಗಿದ.

"ಅವರೇನ ವೈರಿಗಳಲ್ರಿ ಕಾಕಾ. ರಸ್ತಾಕ್ಕ ಕೇಳೋರು ಬರತಾರ, ನೀರಿಗೆ ಕೇಳೋರು ಬರತಾರ. ಬಂದು ಕೇಳಿದ್ದು ಅವರ ಕಿವಿಗೆ ಬೀಳತೈತಿ. ನೀವು ಮನ್ಯಾಗ ಸಿಟ್ಟ ಮಾಡಿಕೊಂಡು ಕುಂತಿದ್ದು ಅವರಿಗೆ ಹೆಂಗ ಕೇಳಸಬೇಕು?"

ಅವನು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ.

"ಆತು, ಬರತೀನಿ. ನನ್ನ ಕ್ಲಾಸ್ ತಿರುಗಿ ಕೊಡ್ರಿ ಅಂತ ಕೇಳತೀನಿ."

ಅಮೀರಾ ತಲೆ ಅಲ್ಲಾಡಿಸಿದಳು.

"ಒಬ್ರ ಹೋಗಿ ಕೇಳಿದ್ರ, ತನ್ನ ಗೌರವಧನಕ್ಕ ಬಂದಾನ ಅಂತಾರ. ಕೆಳಗಿನ ಓಣಿಯವರೂ ಬರಬೇಕು. ಎರಡೂ ಮ್ಯಾಳ ಒಂದ ಮಾತ ಹೇಳಿದ್ರ ಊರ ಬಂದು ನಿಂತಂಗ."

"ಮಾಳವ್ವನ ಕರೀಬೇಕಂತೀಯೇನು?"

"ಹೌದ್ರಿ."

ಒಳಗಿನಿಂದ ಮಂಜುಳಾ ಹೊರಗೆ ಬಂದಳು. "ಹೋಗಪ್ಪಾ," ಎಂದಳು. ಅಷ್ಟೇ ಅಂದಳು. ಅವಳು ಅಪ್ಪನ ಕಡೆ ನೋಡಿ ಮಾತಾಡಿ ಎಷ್ಟೋ ದಿನವಾಗಿತ್ತು. ಅವನಿಗೆ ಇಲ್ಲ ಎನ್ನಲಾಗಲಿಲ್ಲ.

ಮಾಳವ್ವ ಮನೆಯಲ್ಲಿ ಇರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಶೆಡ್ಡಿನಲ್ಲಿ ಇದ್ದಾಳೆ ಎಂದರು. ಮೈಲಾರಲಿಂಗಪ್ಪ ಬಾಗಿಲಲ್ಲಿ ಕಾಲಿಡುವ ಮೊದಲೇ ಘಾಟು ಮೂಗಿಗೆ ಬಡಿದು ಸೀನು ಬಂತು. ಕೆಂಪು ರಾಶಿಗಳ ನಡುವೆ ಹೆಂಗಸರು ಮೂಗು ಬಾಯಿ ಮುಚ್ಚುವಂತೆ ಸೆರಗು ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಯಾವಳು ಮಾಳವ್ವ ಎಂದು ಅವನು ಹುಡುಕುತ್ತಿರುವಾಗ ಒಬ್ಬಳು ಸೆರಗು ಇಳಿಸಿದಳು.

"ಏನೋ ಮೈಲಾರಿ. ಗೆದ್ದಾಂವ ಇಲ್ಲಿ ಯಾಕ ಬಂದಿ? ಗೆಲ್ಲಾಕ ಇನ್ನೂ ಏನರ ಉಳದೈತೇನು?"

ಮಾತು ಮಾಳವ್ವನದೇ. ದನಿ ಮಾತ್ರ ಯಾರದೋ. ಡೊಳ್ಳಿನ ಸದ್ದನ್ನೂ ಮೀರಿ ಕೊನೆಯ ಸಾಲಿನವರಿಗೆ ಮುಟ್ಟುತ್ತಿದ್ದ ಆ ಕಂಠ ಈಗ ಒಡೆದು ಚೂರಾಗಿತ್ತು. ನಾಲ್ಕು ಮಾತಿಗೆ ಒಮ್ಮೆ ಕೆಮ್ಮು.

"ನಿನ್ನ ದನಿಗೆ ಏನಾತು?" ಎಂದ ಮೈಲಾರಲಿಂಗಪ್ಪ.

"ಕಾಣವಲ್ದೇನು?" ಎಂದು ಅವಳು ಮೆಣಸಿನಕಾಯಿ ರಾಶಿ ತೋರಿಸಿದಳು. "ಮೊದಲೂ ಇದ ಕೆಲಸ ಮಾಡತಿದ್ದೆ. ಶನಿವಾರ ಐತಿ, ಹುಡುಗರ ಮುಂದ ಹಾಡಬೇಕು ಅಂತ ದನಿ ಕಾಯಕೋತಿದ್ದೆ. ಬಿಸಿನೀರು ಕುಡೀತಿದ್ದೆ, ಶುಕ್ರವಾರ ಕೆಲಸಕ್ಕ ಬರತಿದ್ದಿಲ್ಲ. ಕ್ಲಾಸ್ ಹೋದ ಮ್ಯಾಲ ಯಾರ ಸಲುವಾಗಿ ಕಾಯಕೊಳ್ಳಲಿ?"

ಅವಳ ಪಕ್ಕದಲ್ಲಿ ಒಬ್ಬ ಹುಡುಗಿ ತಲೆ ಬಗ್ಗಿಸಿ ತೊಟ್ಟು ಮುರಿಯುತ್ತಿದ್ದಳು. ಮಾಳವ್ವ ಅವಳ ಗಲ್ಲ ಹಿಡಿದು ಮುಖ ಎತ್ತಿದಳು.

"ಇಕಿ ಗುರ್ತು ಸಿಕ್ತೇನು? ನಿಮ್ಮ ಹುಡುಗಗ ಮೀಸಿ ಎಲ್ಲಿ ಮರತ ಬಂದಿ ಅಂತ ಕೇಳಿದಾಕಿ. ಶನಿವಾರ ಶಾಲಿ ಬಿಟ್ಟ ಕೂಡ್ಲೆ ಕ್ಲಾಸಿಗೆ ಓಡಿ ಬರತಿದ್ಲು. ಈಗ ಕ್ಲಾಸ್ ಇಲ್ಲ, ಮನ್ಯಾಗ ಸುಮ್ಮ ಯಾಕ ಕುಂಡ್ರತಿ ಅಂತ ಅವರವ್ವ ಇಲ್ಲಿ ಕರಕೊಂಡ ಬರತಾಳ. ಪದ ಬಿಟ್ಲು, ಕೆಮ್ಮಾಕ ಕಲತ್ಲು."

ಹುಡುಗಿ ಮುಖ ತಿರುಗಿಸಿ ಮತ್ತೆ ಕೆಲಸಕ್ಕೆ ಬಗ್ಗಿದಳು. ತಾನು ಮಿರ್ಚಿ ತಿನ್ನಿಸಿ ಹಬ್ಬ ಮಾಡಿದ್ದು ಈ ಹುಡುಗಿ ಇಲ್ಲಿ ಬಂದು ಕೂಡುವ ಸಂತೋಷಕ್ಕೋ ಎನಿಸಿ ಮೈಲಾರಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಘಾಟಿಗೆ ಬಂತೆಂದು ಟವೆಲ್ಲಿನಿಂದ ಒರೆಸಿಕೊಂಡ.

"ಮಾಳವ್ವ, ಕುರಿ ಹುಟ್ಟೋಕ್ಕಿಂತ ಮೊದಲಿನ ಕಂಬಳಿ ಯಾವುದು ಅನ್ನೋ ಸವಾಲಿಗೆ ನೀ ಏನ ಜವಾಬ ಕೊಡತಿದ್ದಿ? ಮಂಜಿ ಕೇಳಿದ್ಲು. ನನಗ ಹೇಳಾಕ ಬರಲಿಲ್ಲ."

ಮಾಳವ್ವ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು.

"ಅಷ್ಟ ವರ್ಷ ಕೇಳಿದಿ, ಒಮ್ಮೆ ಕಿವಿಗೊಡಲಿಲ್ಲ ಹಂಗಾದ್ರ."

"ಇಲ್ಲ."

"ಅದಕ್ಕ ಒಂದ ಜವಾಬ ಇರಲಿಲ್ಲೋ. ನೀ ಆ ಸೊಕ್ಕಿನ ಮಾರಿ ಮಾಡಿ ಹಾಡಿದಾಗ ನನಗ ಸಿಟ್ಟ ಬರತಿತ್ತು. ಸಿಟ್ಟ ಬಂದಾಗ ಪದ ಬರತಿತ್ತು. ದಿನಕ್ಕೊಂದ ಜವಾಬ. ಈಗ ನಿನ್ನ ನೋಡಿದ್ರ ಸಿಟ್ಟೂ ಬರವಲ್ದು."

ಇದಕ್ಕಿಂತ ಅವಳು ನಾಲ್ಕು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವನು ಸಭೆಯ ಮಾತು ಹೇಳಿದ. ನಾಗೇಶಿ ಕ್ಲಾಸು ಮೊದಲು ಬೇಕು ಎಂದು ತಾನೇ ಎದ್ದು ಕೇಳುತ್ತೇನೆ ಎಂದ. ಮಾಳವ್ವ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು ಆಚೆ ಒಗೆದಳು.

"ನಿನ್ನ ಸಲುವಾಗಿ ಬರೂದಿಲ್ಲ. ಇಕಿ ಸಲುವಾಗಿ ಬರತೀನಿ," ಎಂದು ಪಕ್ಕದ ಹುಡುಗಿಯನ್ನು ತೋರಿಸಿದಳು.

ಬುಧವಾರದ ಸಭೆಯಲ್ಲಿ ನೀರಿನ ಮಾತು, ರಸ್ತೆಯ ಮಾತು, ಹಂದಿಗಳ ಕಾಟದ ಮಾತು ಎಲ್ಲ ಆಯಿತು. ಕೊನೆಗೆ ಅಮೀರಾ ಮೈಲಾರಲಿಂಗಪ್ಪನ ಬೆನ್ನಿಗೆ ತಿವಿದಳು. ಅವನು ಎದ್ದ. ಸಾವಿರ ಮಂದಿಯ ಮುಂದೆ ಅಂಜದೆ ಹಾಡಿದವನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಮಾತಾಡಿದ.

"ನಾ ಹರದೇಶಿ ಮಾಸ್ತರ ಅದೀನ್ರಿ. ನನ್ನ ಕ್ಲಾಸ್ ಆಮ್ಯಾಲ ನೋಡ್ರಿ. ಮೊದಲ ಮಾಳವ್ವನ ನಾಗೇಶಿ ಕ್ಲಾಸ್ ಶುರು ಮಾಡ್ರಿ. ಅಕಿ ಇಲ್ಲಂದ್ರ ನನ್ನ ಹುಡುಗರ ಪದ ಗ್ವಾಡಿಗೆ ಹೇಳಿದಂಗ ಆಗತೈತಿ."

ಮೇಳದವರು ಕೆಲವರು ಹಿಂದೆ ಕೂತಿದ್ದರು. ಎದುರಿನ ಮೇಳದ ಪರವಾಗಿ ಇವನು ಬಾಯಿ ತೆರೆದದ್ದನ್ನು ಕೇಳಿ ತಲೆ ತಗ್ಗಿಸಿದರು. ಡೊಳ್ಳು ಮುಟ್ಟಿ ಮಾಡಿದ ಆಣೆ ಮುರಿಯಿತು ಎಂಬುದು ಅವನಿಗೂ ಗೊತ್ತಿತ್ತು.

ಸಭೆ ನಡೆಸುತ್ತಿದ್ದ ಅಧಿಕಾರಿ ಒಳ್ಳೆಯವರೇ. ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಯಜಮಾನ್ರ, ಎರಡ ವರ್ಷದ ಹಿಂದ ಆ ಕ್ಲಾಸ್ ತಗಿಯೂ ಮುಂದ ಇದ ಮೀಟಿಂಗ್‌ನ್ಯಾಗ ಕೇಳಿದ್ವಿ. ಯಾರಿಗರ ಬೇಕಾಗೈತೇನು ಅಂತ. ಮ್ಯಾಳದವರು ಒಬ್ರೂ ಕೈ ಎತ್ತಲಿಲ್ಲ. ಹ್ವಾದ ವರ್ಷ ನಿಮ್ಮ ಕ್ಲಾಸಿನ ಮಾತು ಬಂದಾಗನೂ ನಿಮ್ಮವರು ಒಬ್ರೂ ಬರಲಿಲ್ಲ. ಬೇಡಾಗೈತಿ ಅಂತ ನಾವು ತಿಳಕೊಂಡ್ವಿ. ಅವತ್ತ ಬಂದು ಇಷ್ಟ ಮಾತ ಹೇಳಿದ್ರ ಎರಡೂ ಉಳೀತಿದ್ದವು. ಈಗ ಬಿಟ್ಟದ್ದನ್ನ ಹೊಸದಾಗಿ ಸೇರಿಸೂದು ಅಷ್ಟು ಸಸಾರ ಅಲ್ಲ."

ಮಾಳವ್ವ ತಾನೂ ಒಂದು ಮಾತು ಹೇಳುತ್ತೇನೆ ಎಂದು ಎದ್ದಳು. ಬಾಯಿ ತೆರೆದಳು. ಕೆಮ್ಮು ಹತ್ತಿತು. ಹತ್ತಿದ ಕೆಮ್ಮು ನಿಲ್ಲಲಿಲ್ಲ. ಯಾರೋ ನೀರು ಕೊಟ್ಟರು. ನೀರು ಕುಡಿದು ಅವಳು ಏನೂ ಹೇಳದೆ ಕೂತಳು. ಸಭೆಯಲ್ಲಿದ್ದ ಹಿರಿಯರಿಗೆಲ್ಲ ಆ ಕಂಠ ಎಂಥದ್ದೆಂದು ಗೊತ್ತಿತ್ತು. ಅವರು ನೆಲ ನೋಡುತ್ತಾ ಕೂತರು.

ಅಮೀರಾ ಬೇಡಿಕೆಯನ್ನು ಬರೆದುಕೊಟ್ಟು, ಮುಟ್ಟಿದೆ ಎಂದು ಸಹಿ ಹಾಕಿಸಿಕೊಂಡಳು. ಬಜೆಟ್ಟು ಬಂತು. ಎರಡೂ ಕ್ಲಾಸು ಅದರಲ್ಲಿ ಇರಲಿಲ್ಲ. ಮುಂದಿನ ವರ್ಷ ವಿಚಾರ ಮಾಡುತ್ತೇವೆ ಎಂದರು. ಸಮುದಾಯ ಭವನದ ಬೀಗ ತೆಗೆಯಲಿಲ್ಲ. ಈಗಲೂ ತೆಗೆದಿಲ್ಲ.

ಈಗ ಶನಿವಾರ ಮಧ್ಯಾಹ್ನ ಮಾಳವ್ವ ಮೈಲಾರಲಿಂಗಪ್ಪನ ಕಟ್ಟೆಗೆ ಬರುತ್ತಾಳೆ. ಹಾಡಲು ಆಗುವುದಿಲ್ಲ, ಪಿಸುದನಿಯಲ್ಲಿ ಪದ ಹೇಳುತ್ತಾಳೆ. ಮಂಜುಳಾ ಮತ್ತು ಆ ಮೆಣಸಿನಕಾಯಿ ಹುಡುಗಿ ಕೇಳುತ್ತಾರೆ. ಎರಡು ಸಾಲು ಬರುತ್ತದೆ, ಮೂರನೆಯದು ಮಾಳವ್ವನಿಗೆ ನೆನಪಾಗುವುದಿಲ್ಲ. ಧಾಟಿ ಹೇಗಿತ್ತೆಂದು ಹುಡುಗಿಯರು ಕೇಳುತ್ತಾರೆ. ಅದನ್ನು ಹಾಡಿಯೇ ತೋರಿಸಬೇಕು. ಅವಳು ಕೈಯಿಂದ ಗಾಳಿಯಲ್ಲಿ ಏನೋ ತೋರಿಸುತ್ತಾಳೆ, ಅವರಿಗೆ ತಿಳಿಯುವುದಿಲ್ಲ. ಮೈಲಾರಲಿಂಗಪ್ಪ ಬಾಗಿಲ ಹತ್ತಿರ ಕೂತು ಕಿವಿಗೊಡುತ್ತಾನೆ. ಅವನು ಕೇಳಬೇಕಾಗಿದ್ದ ಕಾಲದಲ್ಲಿ ಕೇಳಿದ್ದರೆ ಈಗ ಹೇಳಿಕೊಡಬಹುದಿತ್ತು.

ಹುಚ್ಚವ್ವ ಒಮ್ಮೆ ಕೇಳಿದಳು: "ಈ ವರ್ಷನೂ ಮೀಟಿಂಗಿಗೆ ಹೋಗತೀರೇನು? ಕೊಡೂದಿಲ್ಲ ಅಂದ್ರ?"

"ಹೋಗತೀನಿ," ಎಂದ ಅವನು. "ಅವರು ಕೊಡೂತನಕ ಹೋಗತೀನಿ. ನೀನೂ ಬಾ. ಮಂಜಿನ್ನೂ ಕರಕೊಂಡ ಹೋಗೂಣು. ಕೆಳಗಿನ ಓಣಿ ಮಂದಿಗೆ ನಾನ ಹೋಗಿ ಹೇಳಿ ಬರತೀನಿ. ತಡಾ ಮಾಡಿ ಕೆಟ್ಟೆ. ಇನ್ನ ತಪ್ಪಸೂದಿಲ್ಲ."

"ನಾನೂ ಬರತೀನಿ," ಎಂದಳು ಹುಚ್ಚವ್ವ.

ಕಥೆ ಇಷ್ಟೇ. ಸುಖವಾಗಿ ಮುಗಿಸಬೇಕೆಂದು ನಮಗೂ ಆಸೆ ಇತ್ತು, ಆಗಲಿಲ್ಲ. ಆದರೆ ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲಿ ಇನ್ನೂ ಹೊತ್ತು ಮೀರಿರಲಿಕ್ಕಿಲ್ಲ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನೀವು ಎಲ್ಲಿಯವರೇ ಆಗಿರಿ. ನಿಮ್ಮ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಬಜೆಟ್ ಮಾಡುವ ಮೊದಲು ಊರವರ ಸಲಹೆ ಕೇಳುವ ಸಭೆ ಯಾವಾಗ ಎಂದು ಕಚೇರಿಗೆ ಹೋಗಿ ವಿಚಾರಿಸಿ. ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಮಕ್ಕಳಿಗೆ ಪದ, ಡೊಳ್ಳು, ಬಯಲಾಟ, ಭಜನೆ, ನೇಯ್ಗೆ, ಯಾವುದೇ ಆಗಲಿ, ನಮ್ಮ ಕಲೆ ಕಲಿಸಲು ಹಣ ಇಡಿ ಎಂದು ಎದ್ದು ನಿಂತು ಹೇಳಿ. ಹೇಳಿದ್ದನ್ನು ಬರೆದುಕೊಡಿ, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ನಿಮಗೆ ಬರೆಯಲು ಬಾರದಿದ್ದರೆ ನಿಮ್ಮ ಸಂಘದಲ್ಲಿ ಬಲ್ಲವರು ಇದ್ದಾರೆ. ಬಜೆಟ್ಟು ಬಂದ ಮೇಲೆ ಇಟ್ಟಿದ್ದಾರೋ ಇಲ್ಲವೋ ಎಂದು ತಿರುಗಿ ಹೋಗಿ ನೋಡಿ. ಇಟ್ಟಿಲ್ಲವೆಂದರೆ ಮುಂದಿನ ವರ್ಷ ಮತ್ತೆ ಹೋಗಿ.

ಒಂದು ಮಾತು ಮಾತ್ರ ಮರೆಯಬೇಡಿ. ನಿಮ್ಮ ಓಣಿಯ ಕ್ಲಾಸು ಚೆನ್ನಾಗಿ ನಡೆಯುತ್ತಿದ್ದರೂ ಸಭೆಗೆ ಹೋಗಿ. ಆಚೆ ಓಣಿಯವರದು ನಿಲ್ಲುತ್ತದೆ ಎಂದು ಕೇಳಿದರೆ, ಅವರು ನಿಮಗೆ ಆಗದವರಾಗಿದ್ದರೂ, ಅವರಿಗಾಗಿ ಕೈ ಎತ್ತಿ. ನಿಮ್ಮದು ನಿಲ್ಲುವ ದಿನ ನಿಮಗಾಗಿ ಎದ್ದು ಮಾತಾಡಲು ಆ ಓಣಿಯಲ್ಲಿ ಯಾರಿಗಾದರೂ ದನಿ ಉಳಿದಿರಬೇಕು.